ಎರಡು ದೋಣಿಯ ಮೇಲೆ

ಪುಂತಾ ಅರೇನಸ್‌ನಲ್ಲಿ ಜೂನ್ ಎಂದರೆ
ಹತ್ತಕ್ಕೆ ಬೆಳಗು, ಐದೂವರೆಗೆ ಕತ್ತಲು.
ನಡುವೆ ಸಿಕ್ಕಷ್ಟು ಹಗಲನ್ನು ನಾನು
ಹಡಗುಗಳ ಹೊಟ್ಟೆಗೆ ತೇಪೆ ಬೆಸೆಯುತ್ತ ಕಳೆಯುತ್ತೇನೆ.
ಮುಖವಾಡದ ಕಪ್ಪು ಗಾಜಿನೊಳಗೆ ಅದೂ ಇರುಳೇ.

ಮನೆಯಲ್ಲಿ, ಒಲೆಯ ಪಕ್ಕ, ನನ್ನ ಕಂಪ್ಯೂಟರು:
ಬಾಗಿಲು ಹಾಕಿದ ಸೈಬರ್ ಕೆಫೆಯಿಂದ ಹೊತ್ತು ತಂದದ್ದು,
ಬೆನ್ನ ಮೇಲೆ ಇನ್ನೂ ಹನ್ನೊಂದನೇ ನಂಬರಿನ ಚೀಟಿ.
ಗ್ರಾಫಿಕ್ಸ್ ಕಾರ್ಡಿಗೆ ಎರಡು ತಿಂಗಳ ಓವರ್‌ಟೈಮ್ ಸುರಿದಿದ್ದೇನೆ.
ಅಂಥದ್ದಕ್ಕೆ ಮೊನ್ನೆ ನೀಲಿ ಪರದೆಯೊಂದು ಮೂಡಿ
ಬಲು ಮೃದುವಾಗಿ ಹೇಳಿತು:
"ನಿಮ್ಮ ಯಂತ್ರ ಮುಂದಿನ ಆವೃತ್ತಿಗೆ ಅರ್ಹವಲ್ಲ."

ಅರ್ಹವಲ್ಲ!
ನಲವತ್ತು ವರ್ಷದ ಹಡಗಿಗೂ ನಾವು ಹಾಗೆನ್ನುವುದಿಲ್ಲ.
ಸುತ್ತಿಗೆಯಿಂದ ತಟ್ಟುತ್ತೇವೆ, ಸದ್ದು ಕೇಳುತ್ತೇವೆ,
ಆಮೇಲೆ ಮಾತು.

ರಿಪೇರಿ ಅಂಗಡಿಯ ಡ್ರಾಗೊ ನಾಲ್ಕು ಪೆನ್‌ಡ್ರೈವ್ ಕೊಟ್ಟ,
ಒಂದೊಂದಕ್ಕೆ ಒಂದೊಂದು ಬಣ್ಣದ ನೂಲು ಕಟ್ಟಿ.
ದುಡ್ಡೆಷ್ಟು ಅಂದೆ. ಏನಿಲ್ಲ ಅಂದ.
ಬಿಟ್ಟಿ ಎಂದರೆ ನನಗೆ ದಿಗಿಲು;
ಬಿಟ್ಟಿ ಮೀನಿಗೆ ಮುಳ್ಳು ಜಾಸ್ತಿ.
"ಬಿಟ್ಟಿಯಲ್ಲ ಎಡೆಲ್ಮೀರಾ, ಬಿಚ್ಚಿಟ್ಟದ್ದು.
ಎಂಜಿನ್ ಕೋಣೆಗೆ ಬೀಗವಿಲ್ಲ, ಅಷ್ಟೆ."

ಹಸಿರು ನೂಲಿನದು ಮಿಂಟ್. ಕೇಳುವ ಮೊದಲೇ
ಎಲ್ಲ ಎತ್ತಿಕೊಡುವ ಚಿಕ್ಕಮ್ಮ;
ನನ್ನ ಕಾರ್ಡಿನ ಗುರುತು ಮಾತ್ರ ಹತ್ತಲಿಲ್ಲ ಅವಳಿಗೆ.
ಡೆಬಿಯನ್ ದೀಪಸ್ತಂಭದ ಮುದುಕ, ಅಲುಗುವವನಲ್ಲ,
ನಿನ್ನೆ ಬಂದ ಆಟದ ಸುದ್ದಿ ಅವನಿಗೆ ತಲುಪಿರಲಿಲ್ಲ.
ಇನ್ನು ಆರ್ಚ್:
ಮೊಳೆ, ಹಲಗೆ, ಟಾರು ಮುಂದಿಟ್ಟು
ದೋಣಿ ನೀನೇ ಕಟ್ಟಿಕೋ ಎಂದಿತು.
ಮೂರು ರಾತ್ರಿ ಕಟ್ಟಿದೆ, ಸುಳ್ಳೇಕೆ, ಖುಷಿಯಾಯಿತು.
ನಾಲ್ಕನೆಯ ರಾತ್ರಿ ಕೀಬೋರ್ಡಿನ ಮೇಲೆ ನಿದ್ದೆ,
ಕೆನ್ನೆಯ ತುಂಬ ಅಕ್ಷರಗಳ ಅಚ್ಚು.
ಹಡಗುಕಟ್ಟೆಯಿಂದ ಬಂದವಳಿಗೆ ಮನೆಯಲ್ಲೂ ಹಡಗುಕಟ್ಟೆಯೇ?

ಕೊನೆಯದರ ನೂಲು ಕಳಚಿತ್ತು.
ಅದರ ಹೆಸರು ನನ್ನ ನಾಲಿಗೆಗೆ ಇನ್ನೂ ಹೊಂದಿಲ್ಲ,
ನಾಲ್ಕನೆಯದು ಎನ್ನುತ್ತೇನೆ.
ಹಾಕಿದೊಡನೆ ಫ್ಯಾನು ತಗ್ಗಿ ಉಸಿರಾಡಿತು,
ಲಾರಿಯಾಟದ ರಸ್ತೆ ಎಲ್ಲೂ ಹರಿಯದೆ ಉದ್ದಕ್ಕೂ ಹಾಸಿಕೊಂಡಿತು.
ಮೂಲೆಯಲ್ಲೊಂದು ಪೆಂಗ್ವಿನ್: ಗುಂಡಗೆ, ಶುಚಿಯಾಗಿ,
ಊಟವಾದ ಮೇಲೆ ಕೂತಂತೆ.
ಅದನ್ನು ಬರೆದವರು ನಮ್ಮ ಮಗ್ದಲೇನಾ ದ್ವೀಪ ಕಂಡಿರಲಿಕ್ಕಿಲ್ಲ.
ಇಲ್ಲಿ ಪೆಂಗ್ವಿನ್ ಕತ್ತೆಯಂತೆ ಅರಚುತ್ತದೆ, ನಾರುತ್ತದೆ,
ಅಡ್ಡ ಬಂದರೆ ಕಾಲು ಕುಕ್ಕುತ್ತದೆ.
ಆದರೂ ವರ್ಷ ವರ್ಷ ಅದೇ ಬಿಲಕ್ಕೆ ಮರಳುತ್ತದೆ.
ನನಗೆ ಅದು ಸಾಕು.

ಸಾಕಾಗಲಿಲ್ಲ.
ಶನಿವಾರ ರಾತ್ರಿ ಬಾಲ್ಡೊ ಕಾಯುತ್ತಾನೆ,
ನನ್ನ ತಮ್ಮ, ಚೋಂಚಿಯಲ್ಲಿ ಸಾಲ್ಮನ್ ಪಂಜರಗಳ ಕಾವಲಿಗ.
ಆಟದಲ್ಲಿ ನಾನು ಮುಂದೆ, ಅವನು ನನ್ನ ಬೆನ್ನಿಗೆ;
ಗುಂಡು ಹಾರಿಸುತ್ತಲೇ ಮನೆಯ ಮಾತು ಆಡುತ್ತೇವೆ,
ಬರೀ ಫೋನಿನಲ್ಲಾದರೆ ಇಬ್ಬರಿಗೂ ಮಾತು ಬಾರದು.
ಆ ಆಟದ ಬಾಗಿಲಲ್ಲಿ ಮೋಸಗಾರರನ್ನು ಹಿಡಿಯುವವನೊಬ್ಬ.
ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ
ಹೊರಗೆ ನಿಲ್ಲಿಸಿದ.
ಬೀಗವಿಲ್ಲದ ಮನೆಯವಳು ನಂಬಿಕೆಗೆ ಅರ್ಹಳಲ್ಲ.

ಎರಡು ದೋಣಿಯ ಮೇಲೆ ಕಾಲಿಟ್ಟವರು ನೀರಿಗೆ, ಅನ್ನುತ್ತಾರೆ.
ಹಾಗೆನ್ನುವವರು ಬಂದರು ನೋಡಿಲ್ಲ.
ಇಲ್ಲಿ ಏಳೆಂಟು ದೋಣಿ ಮೈಗೆ ಮೈ ತಾಗಿ ಕಟ್ಟಿರುತ್ತವೆ,
ದಡ ಸೇರಲು ಇದರಿಂದ ಅದಕ್ಕೆ
ಕಾಲು ಚಾಚಿಯೇ ಬರಬೇಕು.
ನೋಡಬೇಕಾದದ್ದು ಹಗ್ಗವನ್ನು.

ಹಳೆಯದಕ್ಕೊಂದು ಪುಟ್ಟ ಡಿಸ್ಕ್ ಬಿಟ್ಟುಕೊಟ್ಟೆ.
ವಾರಕ್ಕೊಂದು ರಾತ್ರಿ ದಾಟಿ ಹೋಗುತ್ತೇನೆ,
ಅದರ ಎಚ್ಚರಿಕೆಗಳನ್ನು ಓದದೆ ಮುಚ್ಚುತ್ತೇನೆ,
ತಮ್ಮನ ಜೊತೆ ಎರಡು ತಾಸು ಸತ್ತು ಬದುಕಿ
ಮರಳುತ್ತೇನೆ.

ಕಳೆದ ಶನಿವಾರ, ಗುಂಡಿನ ಸದ್ದಿನ ನಡುವೆ ಅವನೆಂದ:
"ಅಕ್ಕಾ, ನನ್ನದಕ್ಕೂ ಬಂತು ಆ ನೀಲಿ ಚೀಟಿ."
ಸ್ವಲ್ಪ ಹೊತ್ತು ಇಬ್ಬರೂ ಗುರಿ ತಪ್ಪಿದೆವು.

ಇವತ್ತು ನಾಲ್ಕನೆಯದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ
ಉತ್ತರಕ್ಕೆ ಹೋಗುವ ಹಡಗಿನ ಅಡುಗೆಯವನ ಕೈಗೆ ಕೊಟ್ಟೆ.
ಕೆಂಪು ನೂಲು ಕಟ್ಟಿದ್ದೇನೆ.
ಅವನೂ ದಾಟಿದರೆ, ಶನಿವಾರ ಆಡುವುದು ಏನನ್ನು?
ಲಾರಿಯಾಟದಲ್ಲಿ ಇಬ್ಬರಿಗೆ ಜಾಗವಿದೆಯೇ
ಎಂದು ಡ್ರಾಗೊನನ್ನು ಕೇಳಬೇಕು.